ಹುಳಿ, ಒಗರು, ಸಿಹಿ: ನಂದಿ ಬೆಟ್ಟದ ಬುಡದ ವೈನೂ ನಮ್ಮ ಮುದ್ದೆ ಸಾರೂ

ನಮ್ಮದು ದೊಡ್ಡಬಳ್ಳಾಪುರ ತಾಲ್ಲೂಕು. ನಾಲ್ಕು ಎಕರೆ ಜಮೀನು, ಅದರಲ್ಲಿ ಮೂರು ಎಕರೆ ಮಳೆ ನಂಬಿದ್ದು. ರಾಗಿ, ಅಕ್ಕಡಿಯಲ್ಲಿ ಅವರೆ, ತೊಗರಿ, ಒಂದಿಷ್ಟು ಸಾಸಿವೆ. ಉಳಿದ ಒಂದು ಎಕರೆಗೆ ಬೋರು ಇದೆ. ನೀರು ಇದೆ ಅಂತ ಹೇಳಿಕೊಳ್ಳುವಷ್ಟು ಇದೆ. ಏಳನೇ ಕ್ಲಾಸಿಗೆ ಓದು ಬಿಟ್ಟು ನೇಗಿಲು ಹಿಡಿದವನು ನಾನು. ಇಂಥವನು ವೈನಿನ ಬಗ್ಗೆ ಯಾಕೆ ಬರೆಯುತ್ತಾನೆ ಎಂದು ಕೇಳಬಹುದು. ಕಾರಣ ನನ್ನ ಚಿಕ್ಕ ಮಗ. ಬೋರಿನ ಒಂದು ಎಕರೆಗೆ ವೈನ್ ದ್ರಾಕ್ಷಿ ಹಾಕೋಣ, ಬ್ಯಾಂಕಿನಲ್ಲಿ ಸಾಲ ತೆಗೆಯೋಣ ಎಂದು ಎರಡು ವರ್ಷದಿಂದ ಹಟ ಹಿಡಿದಿದ್ದಾನೆ.

"ಆ ಹಣ್ಣಿಂದ ಏನು ಮಾಡ್ತಾರೆ, ಅದನ್ನ ಯಾರು ಕುಡೀತಾರೆ, ಯಾತರ ಜೊತೆ ಕುಡೀತಾರೆ ಅಂತ ಗೊತ್ತಿಲ್ಲದೆ ಬೆಳೆಯೋದು ಹೆಂಗೋ?" ಅಂದೆ. ರಾಗಿ ಬೆಳೆಯುವವನಿಗೆ ಮುದ್ದೆ ಗೊತ್ತು. ಅಡಿಕೆ ಬೆಳೆಯುವವನಿಗೆ ಎಲೆಯಡಿಕೆ ಗೊತ್ತು. ವೈನು ನಮಗೆ ಏನು ಗೊತ್ತು? ಹೋಗಿ ನೋಡಿಬರೋಣ ಎಂದು ಹೋದ ವರ್ಷ ಫೆಬ್ರವರಿಯಲ್ಲಿ, ಕೊಯ್ಲಿನ ಹೊತ್ತಿಗೆ ಹೊರಟೆವು.

ಮೊದಲೇ ಹೇಳಿಬಿಡುತ್ತೇನೆ. ಕುಡಿಯಿರಿ ಅಂತ ಹೇಳಲು ಇದನ್ನು ಬರೆಯುತ್ತಿಲ್ಲ. ವೈನಿನಲ್ಲೂ ನೂರಕ್ಕೆ 12ರಿಂದ 14 ಪಾಲು ಮದ್ಯಸಾರ ಇರುತ್ತದೆ. ವಿಸ್ಕಿ ಬ್ರಾಂದಿಯಲ್ಲಿ 42.8. ಕಡಿಮೆ ನಿಜ, ಆದರೆ ಇಲ್ಲವೆಂದಲ್ಲ. ಹೃದಯಕ್ಕೆ ಒಳ್ಳೆಯದು, ಔಷಧಿ ಇದ್ದ ಹಾಗೆ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಸಾರಾಯಿಯಿಂದ ಹಾಳಾದ ಮನೆಗಳನ್ನು ನಮ್ಮೂರಲ್ಲೇ ಕಂಡಿದ್ದೇನೆ. ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದಿತು.

ಬೆಟ್ಟದ ಬುಡದ ತೋಟ

ನಾವು ನೋಡಿದ್ದು ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಹೋಗುವ ರಸ್ತೆಯಲ್ಲಿ ರಘುನಾಥಪುರದ ಹತ್ತಿರ ಇರುವ ಗ್ರೋವರ್ ಝಂಪಾ ವೈನರಿ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಕಟ್ಟಿದ್ದು. ಅವರು ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿಬರುತ್ತಿದ್ದವರು. ಅಲ್ಲಿನ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಎಂಬ ದ್ರಾಕ್ಷಿ ಪರಿಣತರ ಜೊತೆ ಸೇರಿ 1980ರ ದಶಕದಲ್ಲಿ ನಮ್ಮ ದೇಶದ ಬೇರೆ ಬೇರೆ ಕಡೆ ಫ್ರೆಂಚ್ ತಳಿಗಳನ್ನು ಹಾಕಿ ನೋಡಿದರು. ಕೊನೆಗೆ ಆರಿಸಿದ್ದು ನಂದಿ ಬೆಟ್ಟದ ಬುಡವನ್ನು. 1988ರಲ್ಲಿ ಕಂಪನಿ, 1992ರಲ್ಲಿ ಮೊದಲ ವೈನು. 2012ರಲ್ಲಿ ನಾಸಿಕದ ಝಂಪಾ ವೈನ್ ಮಾಡುವ ಕಂಪನಿ ಜೊತೆ ಸೇರಿ ಈಗಿನ ಹೆಸರು ಬಂತು.

ನಂದಿಯನ್ನೇ ಯಾಕೆ ಆರಿಸಿದರು? ಇದು ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ಸೀಮೆ. ಹಗಲು ಬಿಸಿಲು ಚುರುಕು, ರಾತ್ರಿ ತಂಪು. ಬಿಸಿಲಿಗೆ ಹಣ್ಣಿನಲ್ಲಿ ಸಕ್ಕರೆ ಏರುತ್ತದೆ, ತಂಪಿಗೆ ಹುಳಿ ಉಳಿಯುತ್ತದೆ. ರಾತ್ರಿಯೂ ಸೆಕೆ ಇರುವ ಕಡೆ ಸಕ್ಕರೆ ಬರುವ ಹೊತ್ತಿಗೆ ಹುಳಿ ಓಡಿಹೋಗಿರುತ್ತದೆ. ಹುಳಿ ಇಲ್ಲದ ವೈನು ಉಪ್ಪಿಲ್ಲದ ಸಾರಿನ ಹಾಗೆ.

ನನ್ನ ತಂಗಿಯ ಮಗ ದ್ರಾಕ್ಷಿ ತೋಟಗಳಲ್ಲಿ ಕಟಿಂಗ್ ಕೆಲಸ ಮಾಡುವ ಹುಡುಗ. ಜೊತೆಗೆ ಅವನನ್ನೂ ಕರೆದುಕೊಂಡಿದ್ದೆ. ಸಾಲಿನ ಅಂಚಿನಲ್ಲಿ ನಿಂತು, "ಮಾವ, ಇದಕ್ಕೆ ನಮ್ಮ ಬೆಂಗಳೂರು ಬ್ಲೂ ಥರ ಚಪ್ಪರ ಇಲ್ಲ ನೋಡಿ, ತಂತಿ ಬೇಲಿ ಥರ" ಎಂದು ತೋರಿಸಿದ. ಸಾಲು ಸಾಲಾಗಿ ಕಂಬ, ಕಂಬಕ್ಕೆ ತಂತಿ, ತಂತಿಗೆ ಬಳ್ಳಿ. ಗೊಂಚಲು ನಮ್ಮ ಸೊಂಟದ ಮಟ್ಟಕ್ಕೆ ಬಂದಿರುತ್ತದೆ. ಫ್ರಾನ್ಸಿನಲ್ಲಿ ಚಳಿಗಾಲದ ಹಿಮಕ್ಕೆ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತದಂತೆ. ನಮ್ಮಲ್ಲಿ ಮಲಗುವುದೇ ಇಲ್ಲ. ಆದ್ದರಿಂದ ಇಲ್ಲಿ ವರ್ಷಕ್ಕೆ ಎರಡು ಸಲ ಕಟಿಂಗ್. ಏಪ್ರಿಲ್‌ನಲ್ಲಿ ಒಂದು, ಅದು ಕಡ್ಡಿ ಬೆಳೆಸುವುದಕ್ಕೆ. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಇನ್ನೊಂದು, ಅದು ಹಣ್ಣಿಗೆ. ಫೆಬ್ರವರಿ ಮಾರ್ಚಿಗೆ ಕೊಯ್ಲು.

ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡೆ. ಕಡಲೆಕಾಳಿಗಿಂತ ಸ್ವಲ್ಪ ದಪ್ಪ. ಸಿಹಿ ಬಹಳ. ಆದರೆ ಸಿಪ್ಪೆ ದಪ್ಪ, ಬಾಯಿ ತುಂಬ ಬೀಜ. ತಿನ್ನುವ ಹಣ್ಣಲ್ಲ. ಇದನ್ನು ನೆನಪಿಡಿ, ಆಮೇಲೆ ಈ ಮಾತಿಗೆ ಬರುತ್ತೇನೆ.

ಹಣ್ಣಿನಿಂದ ಬಾಟಲಿಗೆ

ಕೆಲಸ ಕೇಳಿದರೆ ಸುಲಭ. ಹಣ್ಣನ್ನು ತೊಟ್ಟಿನಿಂದ ಬಿಡಿಸಿ ಜಜ್ಜುತ್ತಾರೆ. ಯೀಸ್ಟ್ ಹಾಕುತ್ತಾರೆ. ಯೀಸ್ಟು ಸಕ್ಕರೆ ತಿಂದು ಮದ್ಯಸಾರ ಮಾಡುತ್ತದೆ, ಗ್ಯಾಸು ಹೊರಗೆ ಹೋಗುತ್ತದೆ. ದೋಸೆ ಹಿಟ್ಟು ಉಬ್ಬುವುದೂ ಇದೇ ಜಾತಿಯ ಕೆಲಸ.

ಕೆಂಪು ವೈನಿಗೂ ಬಿಳಿ ವೈನಿಗೂ ವ್ಯತ್ಯಾಸ ಎಲ್ಲಿ ಎಂದು ನಾನು ಕೇಳಿದೆ. ಕಪ್ಪು ಹಣ್ಣಿನ ರಸ, ಹಸಿರು ಹಣ್ಣಿನ ರಸ ಅಂತ ತಿಳಿದಿದ್ದೆ. ಅಲ್ಲ. ಕಪ್ಪು ಹಣ್ಣನ್ನು ಹಿಂಡಿದರೂ ರಸ ಹೆಚ್ಚುಕಡಿಮೆ ಬಿಳಿಯೇ. ಬಣ್ಣ ಇರುವುದು ಸಿಪ್ಪೆಯಲ್ಲಿ. ಕೆಂಪು ವೈನು ಮಾಡುವಾಗ ರಸವನ್ನು ಸಿಪ್ಪೆ ಬೀಜಗಳ ಜೊತೆಗೇ ದಿನಗಟ್ಟಲೆ ಹುಳಿಸುತ್ತಾರೆ. ಬಣ್ಣವೂ ಒಗರೂ ರಸಕ್ಕೆ ಇಳಿಯುತ್ತದೆ. ಬಿಳಿಗೆ ಮೊದಲೇ ಹಿಂಡಿ, ಸಿಪ್ಪೆ ತೆಗೆದು, ಬರೀ ರಸವನ್ನು ತಣ್ಣಗೆ ಹುಳಿಸುತ್ತಾರೆ. ತಣ್ಣಗಿಲ್ಲದಿದ್ದರೆ ಹೂವಿನಂಥ, ಹಣ್ಣಿನಂಥ ವಾಸನೆ ಹಾರಿಹೋಗುತ್ತದೆ. ರೋಸೆ ಎಂಬ ಗುಲಾಬಿ ಬಣ್ಣದ್ದಕ್ಕೆ ಕಪ್ಪು ಹಣ್ಣಿನ ಸಿಪ್ಪೆಯನ್ನು ಕೆಲವೇ ಗಂಟೆ ಬಿಟ್ಟು ತೆಗೆದುಬಿಡುತ್ತಾರೆ.

ಒಂದು ಬಾಟಲಿ ಎಂದರೆ 750 ಮಿಲಿ. ಅದಕ್ಕೆ ಒಂದು ಕಿಲೋ ಅಥವಾ ಸ್ವಲ್ಪ ಹೆಚ್ಚು ಹಣ್ಣು ಬೇಕು. ಬಾಟಲಿಯ ರೇಟು ನೋಡಿ ಕಿಲೋ ಹಣ್ಣಿಗೆ ಅಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕಬೇಡಿ. ನನ್ನ ಮಗ ಹಾಕಿದ್ದ.

ಕೆಲವು ಕೆಂಪು ವೈನುಗಳನ್ನು ಓಕ್ ಮರದ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಈ ವೈನರಿಯ ಲಾ ರಿಸರ್ವ್ ಎಂಬ ಹೆಸರಾದ ವೈನು ಹಾಗೆ ಇಟ್ಟದ್ದು. ಕ್ಯಾಬರ್ನೆ ಸಾವಿನ್ಯೋಂ, ಶಿರಾಜ್ ಎಂಬ ಎರಡು ಕಪ್ಪು ತಳಿಗಳ ಬೆರಕೆ. ಬಿಳಿಯಲ್ಲಿ ಸಾವಿನ್ಯೋಂ ಬ್ಲಾಂ, ವಿಯೋನಿಯೆ ಎಂಬ ತಳಿಗಳು. ಹೆಸರು ನಾಲಿಗೆ ತಿರುಗುವುದಿಲ್ಲ. ನಮ್ಮ ಹುಡುಗ 'ಸಾವಿನ ಬಿಳಿ' ಅಂದು ನಗಾಡುತ್ತಿದ್ದ. ಗಂಡ ಮಕ್ಕಳನ್ನೆಲ್ಲ ಬಯ್ಯುವ ನನ್ನ ಹೆಂಡತಿಗೆ ಆ ಹೆಸರು ಬಹಳ ಹಿಡಿಸಿತು.

ಮೂರು ರುಚಿ ತಿಳಿದರೆ ಸಾಕು

ಅಲ್ಲಿ ಬಂದವರಿಗೆ ಗಾಜಿನ ಲೋಟದಲ್ಲಿ ಎರಡೆರಡು ಗುಟುಕು ಕೊಟ್ಟು ರುಚಿ ತೋರಿಸುತ್ತಾರೆ. ಪಟ್ಟಣದ ಜನ ಲೋಟ ತಿರುಗಿಸಿ ಮೂಸಿ, ಅದರಲ್ಲಿ ಯಾವ ಯಾವುದೋ ಹಣ್ಣಿನ ಹೆಸರು ಹೇಳುತ್ತಿದ್ದರು. ನನಗೆ ಅದೊಂದೂ ಸಿಗಲಿಲ್ಲ. ನನಗೆ ಸಿಕ್ಕಿದ್ದು ಮೂರೇ: ಹುಳಿ, ಒಗರು, ಸಿಹಿ. ಮನೆಗೆ ಬಂದು ವರ್ಷವಿಡೀ ಊಟದ ಜೊತೆ ನೋಡಿದ ಮೇಲೆ, ಆ ಮೂರೇ ಸಾಕು ಅನ್ನಿಸಿದೆ. ಯಾವ ಊಟಕ್ಕೆ ಯಾವ ವೈನು ಎಂಬುದೂ ಅದರಲ್ಲೇ ಇದೆ, ಬೆಳೆದವನ ಹಣ್ಣಿಗೆ ಬೆಲೆ ಕಟ್ಟುವುದೂ ಅದರಲ್ಲೇ ಇದೆ.

ಹುಳಿ ಬರುವುದು ಯಾವಾಗ ಕೊಯ್ದೆವು ಎನ್ನುವುದರಿಂದ. ವಾರ ತಡವಾದರೆ ಇಳಿಯುತ್ತದೆ. ಒಗರು ಸಿಪ್ಪೆ ಬೀಜದಿಂದ. ಅದಕ್ಕೇ ಹಣ್ಣು ಚಿಕ್ಕದಿರಬೇಕು, ಸಿಪ್ಪೆ ಜಾಸ್ತಿ ಇರಬೇಕು. ಅಡಿಕೆ ಬೆಳೆಯುವ ಓದುಗರಿಗೆ ಚೊಗರು ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ನೇರಳೆ ಹಣ್ಣು ತಿಂದಾಗ ನಾಲಿಗೆ ದಪ್ಪ ಆಗುತ್ತದಲ್ಲ, ಅದೇ. ಇನ್ನು ಸಿಹಿ ಎಂದರೆ ಹಣ್ಣಿನ ಸಕ್ಕರೆ. ಅದನ್ನು ಬ್ರಿಕ್ಸ್ ಮೀಟರಿನಲ್ಲಿ ಅಳೆಯುತ್ತಾರೆ. ಎರಡು ತೊಟ್ಟು ರಸ ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ವೈನ್ ಹಣ್ಣಿಗೆ 22ರಿಂದ 24 ಇರಬೇಕು. ಆ ಅಂಕಿಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾಡಿದರೆ ವೈನಿನ ಮದ್ಯಸಾರದ ಪ್ರಮಾಣ ಬರುತ್ತದೆ. 22 ಇದ್ದರೆ ಹನ್ನೆರಡೂವರೆ. ಸಕ್ಕರೆ ಪೂರ್ತಿ ಮದ್ಯಸಾರವಾದರೆ ವೈನಿನಲ್ಲಿ ಸಿಹಿಯೇ ಉಳಿಯುವುದಿಲ್ಲ. ಅದನ್ನೇ ಡ್ರೈ ಅನ್ನುತ್ತಾರೆ. ನಮ್ಮ ಕಡೆಯವರು ಮೊದಲ ಸಲ ಕುಡಿದು ಮುಖ ಹಿಂಡುವುದು ಇದಕ್ಕೇ. ವೈನು ಅಂದರೆ ಸಿಹಿ ಅಂದುಕೊಂಡಿರುತ್ತಾರೆ.

ಸಿಹಿಯಾದದ್ದೂ ಇದೆ. ಪೋರ್ಟ್ ವೈನ್ ಅಂತ ಅಂಗಡಿಯಲ್ಲಿ ಮಾರುತ್ತಾರಲ್ಲ, ಅದು. ಅದಕ್ಕೆ ಹೋಗುವುದು ಹೆಚ್ಚಾಗಿ ನಮ್ಮ ಬೆಂಗಳೂರು ಬ್ಲೂ ಹಣ್ಣೇ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಹಣ್ಣು; ಜಿಐ ಗುರುತೂ ಸಿಕ್ಕಿದೆ.

ಮುದ್ದೆಗಲ್ಲ, ಸಾರಿಗೆ ಜೋಡಿ

ವೈನರಿಯಲ್ಲಿ ಚೀಸ್ ಜೊತೆ ಕೊಡುತ್ತಾರೆ. ನಮ್ಮ ಮನೆಯಲ್ಲಿ ಚೀಸ್ ಎಲ್ಲಿಂದ ತರೋಣ? ನಾನು, ಮಗ, ಅಳಿಯ ಹುಡುಗ ಮೂವರೂ ತಿಂಗಳಿಗೊಂದು ಬಾಟಲಿಯ ಹಾಗೆ ತರಿಸಿ, ಮನೆಯಲ್ಲಿ ಏನು ಬೇಯುತ್ತದೋ ಅದರ ಜೊತೆ ಅರ್ಧರ್ಧ ಲೋಟ ಕುಡಿದು ನೋಡಿದೆವು. ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಆದ್ದರಿಂದ ಮುದ್ದೆಗೆ ಜೋಡಿ ಹುಡುಕುವ ಕೆಲಸವೇ ಇಲ್ಲ. ಸಾರಿಗೆ ಹುಡುಕಬೇಕು.

ಮೊದಲ ಸಲವೇ ಎಡವಿದೆವು. ನಾಟಿಕೋಳಿ ಸಾರು, ಗುಂಟೂರು ಮೆಣಸಿನಕಾಯಿ ಧಾರಾಳ ಹಾಕಿದ್ದು. ಜೊತೆಗೆ ಕ್ಯಾಬರ್ನೆ-ಶಿರಾಜ್ ಕೆಂಪು. ಒಂದು ಗುಟುಕಿಗೆ ಬಾಯಿಗೆ ಬೆಂಕಿ ಬಿತ್ತು. ಖಾರ ಇರುವ ಬಾಯಿಗೆ ಮದ್ಯಸಾರ ಬಿದ್ದರೆ ಉರಿ ಏರುತ್ತದೆ. ಒಗರು ಅದಕ್ಕೆ ಉಪ್ಪು ಸವರಿದ ಹಾಗೆ. ಮಗ ಎದ್ದುಹೋಗಿ ಮಜ್ಜಿಗೆ ಕುಡಿದ. ಅದೇ ಸಾರಿಗೆ ಇನ್ನೊಂದು ದಿನ ರೋಸೆಯನ್ನು ಫ್ರಿಜ್ಜಿನಲ್ಲಿಟ್ಟು ತಣ್ಣಗೆ ಕೊಟ್ಟೆವು. ಹೊಂದಿತು. ಒಗರು ಕಡಿಮೆ, ತಂಪು ಇದೆ, ಹುಳಿ ಕೋಳಿಯ ಜಿಡ್ಡನ್ನು ಕತ್ತರಿಸುತ್ತದೆ. ಬಿರಿಯಾನಿ ಜೊತೆ ಈರುಳ್ಳಿಗೆ ನಿಂಬೆಹುಳಿ ಹಿಂಡಿಕೊಳ್ಳುತ್ತೇವಲ್ಲ, ಆ ನಿಂಬೆ ಮಾಡುವ ಕೆಲಸವನ್ನೇ ಹುಳಿ ವೈನು ಮಾಡುವುದು.

ಕೆಂಪು ವೈನು ಕುದುರಿದ್ದು ಕುರಿ ಮಾಂಸದ ಜೊತೆ. ಅದೂ ಸಾರಲ್ಲ, ಚಾಪ್ಸ್. ಒಣಮೆಣಸಿನಕಾಯಿ ಕಡಿಮೆ ಮಾಡಿ, ಕರಿಮೆಣಸು ಜಾಸ್ತಿ ಮಾಡಿ ಹುರಿದದ್ದು. ಒಗರಿನ ಗುಣ ಏನೆಂದರೆ ನಮ್ಮ ಎಂಜಲಿನಲ್ಲಿರುವ ಜಿಗುಟನ್ನು ಹಿಡಿದು ಬಾಯಿ ಒಣಗಿಸುತ್ತದೆ. ಮಾಂಸ, ಕೊಬ್ಬು ಬಾಯಲ್ಲಿದ್ದರೆ ಅದನ್ನು ಹಿಡಿಯುತ್ತದೆ, ನಾಲಿಗೆಯನ್ನು ಬಿಡುತ್ತದೆ. ಬರೀ ಬಾಯಲ್ಲಿ ಕುಡಿದಾಗ ನೇರಳೆಕಾಯಿ ಹಾಗಿದ್ದ ವೈನು ಕುರಿ ಕೊಬ್ಬಿನ ಜೊತೆ ಮೆತ್ತಗಾಯಿತು. ಶಿರಾಜಿಗೆ ಕರಿಮೆಣಸಿನ ವಾಸನೆಯೂ ಇದೆ. ಅದೊಂದು ವಾಸನೆ ಮಾತ್ರ ನನ್ನ ಮೂಗಿಗೂ ಸಿಕ್ಕಿತು.

ಡಿಸೆಂಬರ್-ಜನವರಿಯಲ್ಲಿ ನಮ್ಮ ಹೊಲದ ಅವರೆ ಬಂತು. ಮಂಜಿಗೆ ಸೊಗಡು ಏರಿದ ಕಾಯಿ. ಹಿತಕಿದವರೆ ಸಾರು, ತೆಂಗಿನಕಾಯಿ ಹಾಕಿ ಮಂದವಾಗಿ ಮಾಡಿದ್ದು. ಅದಕ್ಕೆ ವಿಯೋನಿಯೆ. ವರ್ಷದಲ್ಲಿ ಕಂಡ ಜೋಡಿಗಳಲ್ಲಿ ನನ್ನ ಮಟ್ಟಿಗೆ ಇದೇ ಮೊದಲನೆಯದು. ವೈನಿಗೂ ಹೂವಿನ ಥರದ ವಾಸನೆ, ಅವರೆಗೂ ಸೊಗಡು. ಎರಡೂ ಜಗಳ ಆಡಲಿಲ್ಲ. ಹೆಂಡತಿ ಕೂಡ ಒಂದು ತೊಟ್ಟು ನಾಲಿಗೆಗೆ ಮುಟ್ಟಿಸಿ, "ಅವರೆಕಾಳು ಚೆನ್ನಾಗಿದೆ, ನಿಮ್ಮ ನೀರು ಬೇಡ" ಎಂದಳು. ಸಾವಿನ್ಯೋಂ ಬ್ಲಾಂ ಬೇರೆ ಥರ. ಹಸಿ ಹುಲ್ಲು ತರಿದ ವಾಸನೆ, ಹುಳಿ ಚುರುಕು. ಅದಕ್ಕೆ ಸೊಪ್ಪಿನ ಪಲ್ಯ, ಕೊತ್ತಂಬರಿ ಹಾಕಿದ ಕೋಸಂಬರಿ, ಕರಿದ ಕೆರೆ ಮೀನು ಸರಿ.

ಬಸ್ಸಾರಿಗೆ ಯಾವುದೂ ಸರಿಹೋಗಲಿಲ್ಲ. ಹುಣಸೆಹುಳಿ ವೈನಿನ ಹುಳಿಗಿಂತ ಜೋರು. ಅದರ ಮುಂದೆ ವೈನು ಸಪ್ಪೆ ನೀರು. ಉಪ್ಸಾರಿನ ಖಾರಕ್ಕಂತೂ ಬೇಡವೇ ಬೇಡ. ಹಬ್ಬದ ದಿನ ಒಬ್ಬಟ್ಟಿನ ಜೊತೆ ಡ್ರೈ ವೈನು ಕುಡಿದರೆ ವಿನೆಗರ್ ಆಯಿತು. ತಿನ್ನುವುದಕ್ಕಿಂತ ಕುಡಿಯುವುದು ಸಿಹಿ ಇರಬೇಕು. ಆಗ ಮಾತ್ರ ನಡೆಯುತ್ತದೆ. ಅಲ್ಲಿ ಪೋರ್ಟ್ ವೈನೇ ವಾಸಿ. ಉಪ್ಪು ಹಾಕಿ ಬೇಯಿಸಿದ ಕಡಲೆಕಾಯಿ ಜೊತೆ ಎಲ್ಲವೂ ನಡೆಯಿತು, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಇನ್ನೊಂದು ತಪ್ಪು. ಕೆಂಪು ವೈನನ್ನು ಫ್ರಿಜ್ಜಿನಲ್ಲಿ ಇಡಬಾರದು ಅಂತ ಯಾರೋ ಹೇಳಿದ್ದರು. ಮಾರ್ಚಿನ ಶೀಟು ಮನೆಯ ಸೆಕೆಯಲ್ಲಿ ಹಾಗೇ ಕುಡಿದರೆ ಬರೀ ಸ್ಪಿರಿಟ್ ವಾಸನೆ. ಕೆಂಪಿಗೆ 16ರಿಂದ 18 ಡಿಗ್ರಿ ಇರಬೇಕು. ನಮ್ಮ ಮನೆಯೊಳಗೆ ಮೂವತ್ತು ದಾಟಿರುತ್ತದೆ. ಕುಡಿಯುವ ಮುಂಚೆ ಫ್ರಿಜ್ಜಿನಲ್ಲಿಟ್ಟು ತಂಪು ಮಾಡಿ ತೆಗೆದರೆ ಸರಿ. ಬಿಳಿ ಇನ್ನೂ ತಣ್ಣಗಿರಬೇಕು. ಮುಚ್ಚಳ ತೆಗೆದ ಬಾಟಲಿ ಎರಡು ಮೂರು ದಿನದಲ್ಲಿ ಕೆಡುತ್ತದೆ. ಕೆಟ್ಟದ್ದರಲ್ಲಿ ನನ್ನ ಹೆಂಡತಿ ತಾಮ್ರದ ಹಂಡೆ ಬೆಳಗಿದಳು. ಹುಣಸೆಹಣ್ಣು ಉಳಿಯಿತಂತೆ.

ಒಬ್ಬನೇ ಕೊಳ್ಳುವವನು

ಈಗ ಮಗನ ಒಂದು ಎಕರೆಯ ಮಾತು.

ನಮ್ಮ ಅಣ್ಣ ಹದಿನೈದು ವರ್ಷ ಬೆಂಗಳೂರು ಬ್ಲೂ ಬೆಳೆದ. ಚಪ್ಪರದಲ್ಲಿ ಚೆನ್ನಾಗಿ ಬಂದರೆ ಎಕರೆಗೆ 15 ಟನ್ ದಾಟುತ್ತದೆ, ನಮ್ಮ ಸೀಮೆಯಲ್ಲಿ ವರ್ಷಕ್ಕೆ ಎರಡು ಫಸಲೂ ತೆಗೆಯಬಹುದು. ಒಂದು ವರ್ಷ ರಸಕ್ಕೆ ಅಂತ ಹಣ್ಣು ಮಾತಾಡಿಕೊಂಡಿದ್ದ ವ್ಯಾಪಾರಿ, ಮಳೆ ಬಿದ್ದು ಸಕ್ಕರೆ ಇಳಿಯಿತು ಅಂತ ಲಾರಿ ಕಳಿಸಲೇ ಇಲ್ಲ. ಬಾಯಿಮಾತಿನ ವ್ಯಾಪಾರ, ಚೀಟಿ ಕೂಡ ಇರಲಿಲ್ಲ. ಅಣ್ಣ, ಅತ್ತಿಗೆ, ನಾವೆಲ್ಲ ಸೇರಿ ದೇವನಹಳ್ಳಿ ರಸ್ತೆಯಲ್ಲಿ ಮಂಕರಿ ಇಟ್ಟುಕೊಂಡು ಕುಳಿತೆವು. ಅಸಲಿನ ಅರ್ಧ ಬಂತು. ಅರ್ಧವಾದರೂ ಬಂತು, ಯಾಕೆಂದರೆ ಅದು ಜನ ತಿನ್ನುವ ಹಣ್ಣು. ಕ್ಯಾಬರ್ನೆಯನ್ನು ಮಂಕರಿಯಲ್ಲಿ ಇಟ್ಟರೆ ಯಾರು ಕೊಳ್ಳುತ್ತಾರೆ? ಬಾಯಿ ತುಂಬ ಬೀಜ ಅಂತ ಮೊದಲೇ ಹೇಳಿದೆನಲ್ಲ. ವೈನರಿ ಬೇಡ ಅಂದರೆ ಅದು ತಿಪ್ಪೆಗೇ.

ಇದು ಬರೀ ಹೆದರಿಕೆಯ ಮಾತಲ್ಲ. ಮಹಾರಾಷ್ಟ್ರದಲ್ಲಿ ನಡೆದದ್ದು. 2008ರ ಆರ್ಥಿಕ ಹಿಂಜರಿತ, ಅದೇ ನವೆಂಬರಿನ ಮುಂಬೈ ದಾಳಿಯ ನಂತರ ಹೋಟೆಲು, ಪ್ರವಾಸ ಎಲ್ಲ ಕುಸಿದು ವೈನಿನ ಮಾರಾಟ ಬಿತ್ತು. ವೈನರಿಗಳ ಟ್ಯಾಂಕು ತುಂಬಿ ಹಣ್ಣು ಕೊಳ್ಳುವವರು ಇಲ್ಲವಾದರು. ನಾಸಿಕದ ಸುತ್ತ ಎಷ್ಟೋ ರೈತರು ವೈನ್ ದ್ರಾಕ್ಷಿ ಕಿತ್ತು ತಿನ್ನುವ ದ್ರಾಕ್ಷಿ ಹಾಕಿಕೊಂಡರು.

ಇಳುವರಿಯೂ ಕಡಿಮೆ. ಎಕರೆಗೆ 4 ಟನ್ನಿನ ಸುಮಾರು. ಅದಕ್ಕಿಂತ ಹೆಚ್ಚು ಹೊರಿಸಿದರೆ ಸಕ್ಕರೆ ಏರುವುದಿಲ್ಲ, ಬಣ್ಣ ಬರುವುದಿಲ್ಲ. ಗೊಂಚಲು ಕಿತ್ತು ಬಿಸಾಡುವುದನ್ನೂ ಕಲಿಯಬೇಕು. ಬೆಳೆದ ಕಾಯನ್ನು ಕೈಯಾರೆ ಕಿತ್ತು ಹಾಕುವುದು ನಮ್ಮಂಥವರಿಗೆ ಕಷ್ಟ. ಒಪ್ಪಂದ ಮಾಡುವುದಾದರೆ ಯಾವ ಬ್ರಿಕ್ಸಿಗೆ ಯಾವ ದರ, ಕಡಿಮೆಯಾದರೆ ಎಷ್ಟು ಕಡಿತ, ಅಳತೆ ತೋಟದಲ್ಲೋ ವೈನರಿಯಲ್ಲೋ, ಎಷ್ಟು ವರ್ಷಕ್ಕೆ, ದುಡ್ಡು ಎಷ್ಟು ದಿನದಲ್ಲಿ, ಇಷ್ಟನ್ನೂ ಬರವಣಿಗೆಯಲ್ಲಿ ಹಾಕಿಸಿಕೊಳ್ಳಬೇಕು. ಅದೂ ಗಿಡ ನೆಡುವ ಮುಂಚೆ. ನೆಟ್ಟ ಮೇಲೆ ಮಾತಾಡಲು ಹೋದರೆ ನಮ್ಮ ಜುಟ್ಟು ಅವರ ಕೈಲಿ.

ಮಗ ಒಪ್ಪಂದದ ಮಾತಿಗೆ ತಲೆಯಾಡಿಸಿದ. ನೀರಿನ ಮಾತಿಗೆ ಬಗ್ಗಲಿಲ್ಲ. "ವೈನ್ ದ್ರಾಕ್ಷಿಗೆ ನೀರು ಕಮ್ಮಿ ಸಾಕಪ್ಪ, ಫ್ರಾನ್ಸಲ್ಲಿ ಮಳೆ ನೀರಲ್ಲೇ ಬೆಳೀತಾರೆ" ಅಂದ. ಬೆಳೆಯುತ್ತಾರೆ. ಅಲ್ಲಿ ಮಳೆ ಚಳಿಗಾಲಕ್ಕೂ ಬರುತ್ತದೆ, ಭೂಮಿ ತೇವ ಹಿಡಿದಿರುತ್ತದೆ. ನಮ್ಮಲ್ಲಿ ಹಣ್ಣು ಬಲಿಯುವುದೇ ಮಳೆ ಮುಗಿದ ಮೇಲೆ. ಡ್ರಿಪ್ ಇಲ್ಲದೆ ಆಗದು. ಅಳಿಯ ಹುಡುಗ ಲೆಕ್ಕ ಹಾಕಿಕೊಟ್ಟ. ಸಾಲಿಗೆ ಎಂಟು ಅಡಿ, ಗಿಡಕ್ಕೆ ನಾಲ್ಕು ಅಡಿ ಎಂದರೆ ಎಕರೆಗೆ 1,360 ಗಿಡ. ಬೇಸಿಗೆಯಲ್ಲಿ ಗಿಡಕ್ಕೆ ದಿನಕ್ಕೆ 8 ಲೀಟರ್ ಎಂದು ಹಿಡಿದರೂ ಸುಮಾರು 11 ಸಾವಿರ ಲೀಟರ್. ಕರೆಂಟು ದಿನಕ್ಕೆ ಆರು ಗಂಟೆ ಎಂದಿಟ್ಟುಕೊಂಡೆವು.

ಈ ಜನವರಿಯಲ್ಲಿ ಮಗ ಬೋರಿನ ಬಾಯಿಗೆ 200 ಲೀಟರಿನ ಡ್ರಮ್ಮು ಇಟ್ಟು ಅಳೆದ. ತುಂಬುವುದಕ್ಕೆ ಆರು ನಿಮಿಷ. ಅಂದರೆ ಆರು ಗಂಟೆಗೆ 12 ಸಾವಿರ ಲೀಟರ್. "ನೋಡಪ್ಪ, ಸಾಕು" ಅಂದ. "ಏಪ್ರಿಲ್ ಬರಲಿ" ಅಂದೆ. ಏಪ್ರಿಲ್ ಕಟಿಂಗ್ ಆದ ಮೇಲೆ ಒಂದೂವರೆ ಎರಡು ತಿಂಗಳಲ್ಲೇ ಮುಂದಿನ ವರ್ಷದ ಗೊಂಚಲು ಕಡ್ಡಿಯೊಳಗೆ ಕಟ್ಟುವುದು. ಆಗ ಗಿಡ ಬಾಡಿದರೆ ವರ್ಷವೇ ಹೋಯಿತು.

ಏಪ್ರಿಲ್ ಇಪ್ಪತ್ತಕ್ಕೆ ಅದೇ ಡ್ರಮ್ಮನ್ನು ಇಬ್ಬರೂ ಸೇರಿ ಇಟ್ಟೆವು. ಮಗ ಮೊಬೈಲಿನಲ್ಲಿ ಹೊತ್ತು ನೋಡುತ್ತಾ ನಿಂತ. ಒಂಬತ್ತು ನಿಮಿಷ ಹಿಡಿಯಿತು. ಆರು ಗಂಟೆಗೆ 8 ಸಾವಿರ. ಅವನು ಏನೂ ಮಾತಾಡಲಿಲ್ಲ, ಡ್ರಮ್ಮಿನ ನೀರನ್ನು ಹಸುಗಳಿಗೆ ಹೊತ್ತು ಹಾಕಿದ. ಬ್ಯಾಂಕಿನ ಅರ್ಜಿ ಇನ್ನೂ ಗೂಡಿನಲ್ಲೇ ಇದೆ.